ಕೈ ಮುಟ್ಟದ ಜಾಗ

ಅವ್ವನ ಮೈ ತುರಿಕೆಗೆ ನಾವು ಮೊದಲು ಬೈದದ್ದು ನೂಲಿನ ಬಣ್ಣಕ್ಕೆ. ಗಜೇಂದ್ರಗಡದ ನಮ್ಮ ಮನೆಯಲ್ಲಿ ದಿನವಿಡೀ ಮಗ್ಗದ ಮುಂದೆ ಕೂತು ಸೀರೆ ನೇಯುವವಳು ಆಕೆ. ಕಾಲು, ತೋಳು, ಹೊಟ್ಟೆ, ಎಲ್ಲ ಕಡೆ ಕೆರೆದು ಕೆರೆದು ಗೀರು. ಬೇವಿನೆಲೆ ಕುದಿಸಿದ ನೀರಲ್ಲಿ ಜಳಕ ಮಾಡಿಸಿದೆವು, ಕೊಬ್ಬರಿ ಎಣ್ಣೆ ಹಚ್ಚಿದೆವು, ಮೆಡಿಕಲ್ ಅಂಗಡಿಯ ಮುಲಾಮೂ ಮುಗಿಯಿತು. ಕಡೆಗೆ ಮಗ್ಗ ಬಿಡಿಸಿ ಸೂಡಿಯಲ್ಲಿರುವ ಚಿಕ್ಕವ್ವನ ಮನೆಗೆ ಕಳಿಸಿದೆವು. ಅಲ್ಲಿ ನೂಲಿಲ್ಲ, ಬಣ್ಣವಿಲ್ಲ. ತುರಿಕೆ ಮಾತ್ರ ಹಾಗೇ ಇತ್ತು. ಹಾಗಾದರೆ ಇದು ಬಣ್ಣದ್ದಲ್ಲ. ಮತ್ತೇನು? ತಡೆಯದೆ ಆಕೆಯನ್ನು ರೋಣದ ದವಾಖಾನೆಗೆ ಕರೆದುಕೊಂಡು ಹೋದೆ.

ಅಲ್ಲಿಯ ಡಾಕ್ಟರಮ್ಮ ಅವ್ವನ ಕುಪ್ಪಸ ಸರಿಸಿ ಬೆನ್ನು ನೋಡಿದರು. ನನ್ನನ್ನೂ ಹತ್ತಿರ ಕರೆದರು. "ಇಲ್ಲಿ ನೋಡ್ರಿ, ನಡು ಬೆನ್ನಾಗ ಒಂದೂ ಗೀರಿಲ್ಲ. ಯಾಕ ಅಂತೀರಿ?"

ಹೌದು, ಅಲ್ಲಿ ಚರ್ಮ ನುಣ್ಣಗಿತ್ತು. "ಇಲ್ಲಿ ತುರಸಂಗಿಲ್ಲೇನವ್ವಾ?" ಎಂದೆ.

"ಭಾಳ ತುರಸ್ತೈತಿ. ಕೈ ಮುಟ್ಟಂಗಿಲ್ಲ," ಅಂದಳು ಅವ್ವ.

ಡಾಕ್ಟರು ನಕ್ಕರು. "ಅಂದ್ರ ಈ ಗೀರು, ಗುಳ್ಳಿ ಎಲ್ಲಾ ಕೆರಕೊಂಡದ್ದಕ್ಕ ಆಗ್ಯಾವ. ಚರ್ಮದ ರೋಗ ಇದ್ದಂಗ ಕಾಣಂಗಿಲ್ಲ. ಕಾರಣ ಒಳಗ ಹುಡುಕಬೇಕು."

ಲಿವರ್, ಕಿಡ್ನಿ, ಥೈರಾಯ್ಡ್, ಯಾವುದು ಕೆಟ್ಟರೂ ಮೈ ತುರಿಸಬಹುದಂತೆ. ರಕ್ತ ತೆಗೆಸಿದರು. ಆಮೇಲೆ ಅವ್ವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಹಸಿ ಅಕ್ಕಿ, ಮಣ್ಣು ಏನರ ತಿನಬೇಕು ಅನಸ್ತದೇನ್ರಿ?" ಎಂದು ಕೇಳಿದರು.

ಅವ್ವ ತಲೆ ತಗ್ಗಿಸಿದಳು. "ಅಕ್ಕಿ ತಿಂತೀನ್ರಿ."

ತುರಿಕೆಗೂ ಅಕ್ಕಿಗೂ ಏನು ಸಂಬಂಧ?

"ತಿಂಗಳ ಮುಟ್ಟು ಹ್ಯಾಂಗ?"

"ಭಾಳ ಹೋಗ್ತೈತ್ರಿ. ಈ ವಯಸ್ಸಿಗೆ ಹಂಗ ಅಂತ ಸುಮ್ಮನಿದ್ದೆ."

ಒಂದೇ ಮನೆಯಲ್ಲಿರುವ ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ರಿಪೋರ್ಟಿನಲ್ಲಿ ಉಳಿದದ್ದೆಲ್ಲ ಸರಿ ಇತ್ತು. ಕಬ್ಬಿಣದಂಶ ಮಾತ್ರ ತೀರಾ ಇಳಿದಿತ್ತು. ಅದು ಕಡಿಮೆಯಾದರೆ ಕೆಲವರಿಗೆ ಮೈ ತುರಿಸುತ್ತದೆ, ಅಕ್ಕಿ ತಿನ್ನುವ ಚಟವೂ ಅದರದ್ದೇ ಎಂದರು ಡಾಕ್ಟರು. ಸ್ಕ್ಯಾನ್ ಮಾಡಿದಾಗ ಗರ್ಭಕೋಶದಲ್ಲಿ ಗಡ್ಡೆ ಕಂಡಿತು. ರಕ್ತ ಹೋಗುತ್ತಿದ್ದುದು ಅದರಿಂದ. ಪುಣ್ಯಕ್ಕೆ ಕೆಟ್ಟ ಗಡ್ಡೆಯಲ್ಲ. ಅದನ್ನು ತೆಗೆಸಿದೆವು. ಕಬ್ಬಿಣದ ಮಾತ್ರೆ ನುಂಗುತ್ತ ಹೋದಂತೆ ತುರಿಕೆ ಮೆಲ್ಲಗೆ ಇಳಿಯಿತು. ಅಕ್ಕಿಯ ಆಸೆ ಯಾವಾಗ ಹೋಯಿತೋ ಆಕೆಗೇ ತಿಳಿಯಲಿಲ್ಲ.

ಮೊನ್ನೆ ಓಣಿಯ ಹೆಂಗಸೊಬ್ಬಳು ಸುಸ್ತೆಂದು ನಮ್ಮ ಕಟ್ಟೆಯ ಮೇಲೆ ಕೂತಳು. ಅವ್ವ ಮಗ್ಗ ಬಿಟ್ಟು ಎದ್ದು ಬಂದು ಆಕೆಯನ್ನು ಒಳಗೆ ಕರೆದಳು. "ನಾಚಬ್ಯಾಡವಾ, ಖರೇ ಹೇಳು. ಮುಟ್ಟಾದಾಗ ಭಾಳ ಹೋಗ್ತೈತೇನು?"