ಹೊಳೆಯೊಳಗಿನ ನಾಲ್ಕನೇ ಮೂಲೆ

ಸಿದ್ದಾಪುರದ ಹತ್ತಿರ ಬಿಳಿ ದೊರೆಯ ಎಸ್ಟೇಟಿನಲ್ಲಿ ನನಗೆ ಅಳತೆ ಕೆಲಸ ಸಿಕ್ಕಿತ್ತು. ಕೈತಪ್ಪಿದರೆ ಮತ್ತೆ ಕಳೆ ಕೀಳಬೇಕು. ಹೊಳೆ ಓರೆಯಾಗಿ ಕೊರೆದು ಉಳಿಸಿದ್ದ ತ್ರಿಕೋನದ ಜಾಗಕ್ಕೆ ಎಷ್ಟು ಕಾಫಿ ಗಿಡ ಬೇಕೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೇಳಿದರು. ಉದ್ದದ ಅರವತ್ತು ಗಜವನ್ನು ಅಗಲದ ನಲವತ್ತರಿಂದ ಗುಣಿಸಿ, ಅರ್ಧ ಮಾಡಿ, ಗಿಡಕ್ಕೆ ನಾಲ್ಕು ಚದರ ಗಜದಂತೆ ಭಾಗಿಸಿ ಮುನ್ನೂರು ಎಂದೆ.

“ಅರ್ಧ ಯಾಕೋ? ದೊರೆ ಜಾಗ ಅರ್ಧ ಮಾಡೋಕೆ ನೀನ್ಯಾರು?”

ಬಾಳೆಲೆಯನ್ನು ಮೂಲೆಯಿಂದ ಮೂಲೆಗೆ ಹರಿದು ಮೂರು ಸಲ ತೋರಿಸಿದೆ.

“ಆರುನೂರೇ ಬರಿ” ಅಂದರು.

ನನಗೂ ಸಾಕಾಯಿತು. “ಸರಿ ರೈಟರೇ, ಆರುನೂರು ಗಿಡಕ್ಕೆ ಜಾಗಕ್ಕೆ ನಾಲ್ಕು ಮೂಲೆ ಇರಬೇಕು. ನಾಲ್ಕನೇ ಮೂಲೆಯಲ್ಲಿ ನೀವೇ ಅಳತೆ ಹಗ್ಗ ಹಿಡ್ಕೊಂಡು ನಿಲ್ಲಿ. ಇನ್ನೂ ಹಿಂದೆ. ಇನ್ನೂ ಸ್ವಲ್ಪ.”

ಹೊಳೆ ಸೊಂಟಕ್ಕೆ ಬಂದ ಮೇಲೆ ಮುನ್ನೂರು ಎಂದು ಒಪ್ಪಿದರು.

ಮರುದಿನದಿಂದ ನನಗೆ ಕಳೆ ಕೀಳುವ ಕೆಲಸ. ಆರುನೂರು ಎಂದು ಬರೆದಿದ್ದರೆ ಇವತ್ತೂ ನೆರಳಲ್ಲಿ ಹಗ್ಗ ಸುತ್ತುತ್ತಾ ಕೂತಿರುತ್ತಿದ್ದೆ.