ಮಾನೋ ಮತ್ತು ಮೊದಲ ರೊಟ್ಟಿ

ನನ್ನ ಕೈಗುಣ ಸರಿಯಿಲ್ಲ. ಇದನ್ನು ಸಂಕೋಚವಿಲ್ಲದೆ ಹೇಳಿಬಿಡಬಲ್ಲೆ, ಯಾಕೆಂದರೆ ರಾಜಗೋಪಾಲನಗರದ ನಮ್ಮ ವಠಾರದಲ್ಲಿ ಇದು ಎಲ್ಲರಿಗೂ ಗೊತ್ತು. ನಾನು ನೆಟ್ಟ ತುಳಸಿ ಒಣಗಿತು, ದೊಡ್ಡಪತ್ರೆಯೂ ಉಳಿಯಲಿಲ್ಲ. ಚಿಗುರಿದ್ದೆಂದರೆ ಸ್ಪ್ಯಾನಿಷ್ ಒಂದೇ. ಪೀಣ್ಯದಲ್ಲಿ ಪಂಪಿನ ಬಿಡಿಭಾಗಗಳನ್ನು ಪ್ಯಾಕ್ ಮಾಡುವುದು ನನ್ನ ಕೆಲಸ. ಹೊರದೇಶಕ್ಕೆ ಹೋಗುವ ಪೆಟ್ಟಿಗೆಯ ಮೇಲಿನ ಸ್ಪ್ಯಾನಿಷ್ ಸಾಲುಗಳು ಏನು ಹೇಳುತ್ತವೆ ಎಂಬ ಕುತೂಹಲ, ಮೊಬೈಲಿನಲ್ಲಿ ಪಾಠ ಕೇಳುತ್ತ ಕೇಳುತ್ತ ಹುಚ್ಚಿಗೆ ತಿರುಗಿತು.

ಸದ್ಯಕ್ಕೆ ನನ್ನ ಅಚ್ಚುಮೆಚ್ಚಿನ ಪದ ಮಾನೋ. ಮಾನೋ ಎಂದರೆ ಕೈ. ಆದರೆ ಅದು ತೋಳಿನ ತುದಿಯಲ್ಲಿ ಸುಮ್ಮನೆ ನೇತಾಡಿಕೊಂಡಿರುವ ಪೈಕಿಯಲ್ಲ. ಗೋಡೆಗೆ ಒಂದು ಸಲ ಬಳಿದ ಬಣ್ಣ ಮಾನೋ. ಬಾಳೆಹಣ್ಣಿನ ಚಿಪ್ಪು ಮಾನೋ. ಯಾರಿಗಾದರೂ ನೆರವಾದರೆ ಅದೂ ಮಾನೋ. ಆನೆಯ ಸೊಂಡಿಲಿಗೂ ಹಾಗೆನ್ನಬಹುದೆಂದು ನಿಘಂಟಿನಲ್ಲಿ ಕಂಡ ದಿನ ಖುಷಿಗೆ ಊಟ ಸೇರಲಿಲ್ಲ. ನಮ್ಮ ಹಸ್ತಿಯೂ ಹಸ್ತವಿರುವ ಪ್ರಾಣಿಯೇ ತಾನೆ? ಇನ್ನು ‘ಬುಯೆನಾ ಮಾನೋ’, ಒಳ್ಳೆಯ ಕೈ. ಅಡುಗೆಯೋ ಗಿಡವೋ, ಮುಟ್ಟಿದ್ದು ಚೆನ್ನಾಗಿ ಬಂದರೆ ಅಲ್ಲಿ ಹಾಗನ್ನುತ್ತಾರೆ. ಅಂದರೆ ಕೈಗುಣ. ಅಷ್ಟು ದೂರದವರೂ ಇದನ್ನು ಗಮನಿಸುತ್ತಾರೆಂದು ತಿಳಿದು, ಸತ್ತ ತುಳಸಿಯ ಕುಂಡ ನೋಡಲು ಇನ್ನಷ್ಟು ನಾಚಿಕೆಯಾಯಿತು.

ಅದೇ ದಿನಗಳಲ್ಲಿ ಪಕ್ಕದ ಕೋಣೆಯ ಸರೋಜಕ್ಕ ರೊಟ್ಟಿ ಅಂಗಡಿ ಇಟ್ಟರು. ಬಾಗಲಕೋಟೆ ಕಡೆಯವರು, ಕಟ್ಟಡದ ಕೆಲಸದಲ್ಲಿ ಸಿಮೆಂಟ್ ಹೊತ್ತು ಹೊತ್ತು ಬೆನ್ನು ಕೂತುಹೋಗಿತ್ತು. ಅಂಗಡಿ ನಡೆಯದಿದ್ದರೆ ಮತ್ತೆ ಅದೇ ಸಿಮೆಂಟಿನ ಬಾಂಡ್ಲಿ ಹೊರಬೇಕು. ಅದಕ್ಕೇ ಮೊದಲ ರೊಟ್ಟಿಯನ್ನು ಒಳ್ಳೆಯ ಕೈಗುಣದವರೇ ಮುರಿಯಲಿ ಎಂದು ಮನೆ ಮಾಲೀಕರ ತಾಯಿ ಪುಟ್ಟಮ್ಮನವರನ್ನು ಕರೆದಿದ್ದರು. ಪುಟ್ಟಮ್ಮ ಒಣಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದು ಹೆಸರು.

ಸಂಜೆ ಶಿಫ್ಟ್ ಬಿಟ್ಟಿತು, ಜನ ಬಂದರು, ಹಂಚು ಕಾಯಿತು. ಪುಟ್ಟಮ್ಮ ಬರಲಿಲ್ಲ. ಜಾಲಹಳ್ಳಿಯ ಮಗಳ ಮನೆಗೆ ಹೋದವರು ಅಲ್ಲೇ ಉಳಿದುಬಿಟ್ಟಿದ್ದರು. ತಟ್ಟೆಯಲ್ಲಿ ಮೊದಲ ರೊಟ್ಟಿ ಆರುತ್ತಿದೆ, ಹಸಿದವರೆಲ್ಲ ಅದನ್ನೇ ನೋಡುತ್ತಿದ್ದಾರೆ, ಮುಟ್ಟುವವರಿಲ್ಲ. ನಾಳೆ ಅಂಗಡಿ ಮುಚ್ಚಿದರೆ ನಿನ್ನ ಕೈಯಿಂದಲೇ ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ? ನಾನಂತೂ ಬಾಗಿಲ ಕಡೆಗೆ ಸರಿಯುತ್ತಿದ್ದೆ.

“ಏ ಸ್ಪ್ಯಾನಿಷ್ ಸಾಹೇಬ್ರ, ಎಲ್ಲಿಗ್ ಹೊಂಟ್ರಿ? ಬರ್ರಿ, ಮುರೀರಿ,” ಅಂದರು ಸರೋಜಕ್ಕ.

“ನನ್ ಕೈ ಬೇಡ ಅಕ್ಕಾ. ತುಳಸೀನೇ ಒಣಗಿಸಿದೋನು ನಾನು.”

“ಗಿಡಕ್ಕ ನೀರ್ ಹಾಕೂದು ಮರೀತೀರಿ, ಖರೆ. ಉಣ್ಣೂದು ಎಂದರ ಮರ್ತೀರೇನು?”

ನನ್ನ ಜೊತೆ ಪ್ಯಾಕಿಂಗಿನಲ್ಲಿರುವ ಮಂಜ ಹಿಂದಿನಿಂದ ತಿವಿದ. “ಬೇಗ ತಿನ್ನು ಮಗಾ. ನಿನ್ ಕೈಗುಣ ಆಮೇಲ್ ನೋಡ್ಕೊಳ್ಳೋಣ, ನಮ್ ಹೊಟ್ಟೆ ಕೇಳ್ತಿಲ್ಲ.”

ಮುರಿದೆ. ಶೇಂಗಾ ಚಟ್ನಿಗೆ ಅದ್ದಿ ಬಾಯಿಗಿಟ್ಟೆ. ಎಲ್ಲರೂ ತಟ್ಟೆಗೆ ಕೈಹಾಕಿದರು.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಅಂಗಡಿ ನಿಂತರೆ ಸರೋಜಕ್ಕನಿಗೆ ಬಾಂಡ್ಲಿ, ನನಗೆ ಸಾಯುವ ತನಕ ಕೆಟ್ಟ ಹೆಸರು. ದಿನಾ ಹೋದೆ. ತಿಳಿಸಾರು ಅನ್ನವೇ ಬೇಕೆನ್ನುವ ಮಂಡ್ಯದ ಹುಡುಗರನ್ನೂ ಎಳೆದುಕೊಂಡು ಹೋದೆ. ಈಗ ಪುಟ್ಟಮ್ಮನವರೇ ಬಂದರೂ ಕೂರಲು ಜಾಗ ಸಿಗುವುದು ಕಷ್ಟ.

ಸ್ಪ್ಯಾನಿಷಿನ ಪ್ರಕಾರ ಒಳ್ಳೆಯ ಕೈ ರೊಟ್ಟಿ ಬಡಿದವರದು. ನಮ್ಮ ವಠಾರದ ಪ್ರಕಾರ ಮೊದಲು ಮುರಿದವರದು. ಆ ಭಾಷೆಯ ಮೇಲೆ ನನಗೆಷ್ಟೇ ಪ್ರೀತಿಯಿದ್ದರೂ, ಈ ಒಂದು ವಿಷಯದಲ್ಲಿ ನಾನು ವಠಾರದ ಕಡೆ.