ದೇವರ ಬನಕ್ಕೆ ಬೆಂಕಿ ಬಿದ್ದ ದಿನ

ಬೆಂಕಿ ಕಣ್ಣೆದುರಿಗೇ ಇತ್ತು. ಆರಿಸಲು ಓಡಿ ಬಂದವರು ಬರಿಗೈಯಲ್ಲಿ ನಿಂತಿದ್ದರು.

ನಮ್ಮಮ್ಮನ ತವರು ಐ.ಡಿ.ಹಳ್ಳಿ ಕಡೆ. ಈ ಬೇಸಿಗೆಯಲ್ಲಿ ಮದುವೆಗೆ ಕರೆಯಲು ಹೋಗಿದ್ದೆ. ಊಟಕ್ಕೆ ಕೂತಿದ್ದಾಗ ಊರಾಚೆಯ ದೇವರ ಬನದಲ್ಲಿ ಹೊಗೆ ಎದ್ದಿತು. ತಟ್ಟೆ ಬಿಟ್ಟು ಓಡಿದೆವು.

ನಮ್ಮ ಕಡೆ ಗುಡ್ಡಕ್ಕೆ ಬೆಂಕಿ ಬಿದ್ದರೆ ಯಾರೂ ನೀರು ಹುಡುಕುವುದಿಲ್ಲ. (ಎಲ್ಲಿದೆ ನೀರು?) ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿದೇ ಆರಿಸುತ್ತಾರೆ. ಬನದ ಕೊಂಬೆಗಳೂ ಕೈಗೆಟುಕುವಂತಿದ್ದವು. ಒಬ್ಬ ಕೈ ಚಾಚಿಯೇಬಿಟ್ಟ.

"ಲೇ, ಮುರೀಬ್ಯಾಡ್ರಲಾ! ದೇವ್ರ ಮರ ಕಣ್ರಲಾ!"

ಕೂಗಿದ್ದು ನನ್ನ ಸೋದರಮಾವ ಕ್ಯಾತಣ್ಣ. ಆ ಬನದ ಪೂಜಾರಿ. ಅಲ್ಲಿ ಹಸಿ ಎಲೆ ಕೀಳುವಂತಿಲ್ಲ, ಕತ್ತಿ ಕೊಡಲಿ ಒಯ್ಯುವಂತಿಲ್ಲ. ಸುತ್ತಲ ಗುಡ್ಡಗಳೆಲ್ಲ ಬೋಳಾದರೂ ಬನ ಉಳಿದದ್ದು ಈ ಕಟ್ಟುಪಾಡಿನಿಂದಲೇ. ಇಲ್ಲ ಅನ್ನಲು ಆಗುತ್ತದಾ? ಆದರೆ ಅದೇ ಕಟ್ಟುಪಾಡಿನಿಂದ, ಹೊರಗಿನಿಂದ ಬಂದು ಸೇರಿಕೊಂಡ ಲಾಂಟಾನ ಕಳೆಯ ಪೊದೆಯನ್ನೂ ಯಾರೂ ಕೀಳಲಿಲ್ಲ. ಅದು ಮರಗಳ ಮೇಲೆಲ್ಲ ಹಬ್ಬಿ ಒಣಗಿ ನಿಂತಿತ್ತು.

ಜನ ಹೊಂಗೆ ಸೊಪ್ಪು ತರಲು ಒಣಗಿದ ಕೆರೆಯ ಏರಿಗೆ ಓಡಿದರು. ವಾಪಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾವನ ತಾತನಿಗಿಂತ ಹಳೆಯ ಹುಣಸೆ ಮರಗಳು ನಿಂತಲ್ಲೇ ಉರಿದವು.

ಕಾಡಿಗೆ ಮನುಷ್ಯ ಕೈ ಹಾಕಬೇಕೋ ಬೇಡವೋ? ಟೀವಿಯಲ್ಲಿ ಈ ಡಿಬೇಟ್ ಆರಾಮಾಗಿ ನಡೆಯುತ್ತದೆ. ಕೈ ಹಾಕಿದವರನ್ನೂ ನೋಡಿದ್ದೇನೆ. (ಪಕ್ಕದ ಗುಡ್ಡದಲ್ಲಿ ಇದ್ದಬದ್ದ ಗಿಡ ಸವರಿ ನೀಲಗಿರಿ ನೆಟ್ಟು, ಅದಕ್ಕೆ ಅರಣ್ಯ ಅಂತ ಬೋರ್ಡ್ ಬೇರೆ!) ಹಾಗಾಗಿ ಮಾವನ ಭಯ ಸುಳ್ಳಲ್ಲ. "ಇವತ್ತು ಪೊದೆ ಕೀಳಕ್ಕೆ ಬುಟ್ರೆ ನಾಳೆ ಮರಕ್ಕೇ ಗರಗಸ ತತ್ತಾರೆ ಕಣಮ್ಮ" ಅನ್ನುತ್ತಾರೆ.

ಹೋದ ವಾರ ಮತ್ತೆ ಹೋಗಿದ್ದೆ. ಮೂಲೆಯಲ್ಲಿ ಒಂದೇ ಒಂದು ಹುಣಸೆ ಉಳಿದಿದೆ. ಮಳೆ ಬಿದ್ದು, ಅದರ ಬುಡದ ಬೂದಿಯಲ್ಲಿ ಮೊದಲು ಚಿಗುರಿರುವುದೂ ಲಾಂಟಾನವೇ. ಈಗಲೇ ಕಿತ್ತುಬಿಡೋಣ ಅಂತ ಊರವರು ಕೇಳಿದ್ದಾರೆ. ಮಾವ ಹೂಂ ಅಂದಿಲ್ಲ.

"ಅವತ್ತು ಕೊಂಬೆ ಮುರಿಯೋಕೆ ಬಿಟ್ಟಿದ್ರೆ, ಮಾವ?" ನಾನು ಕೇಳಿಯೇಬಿಟ್ಟೆ.

"ಅದೊಂದು ಕೇಳ್ಬ್ಯಾಡ ಕಣಮ್ಮ." ಕಣ್ಣು ತುಂಬಿಕೊಂಡಿತ್ತು.

"ಹಂಗಾದ್ರೆ ಈ ಪೊದೆನಾದ್ರೂ ಕೀಳಿಸು."

"ಹೆಂಗಮ್ಮ ಕೀಳಿಸ್ಲಿ? ನಮ್ಮಪ್ಪ ಒಂದೆಲೆ ಮುಟ್ಟಿರ್ಲಿಲ್ಲ."

ಸಂಕಟವಾಯಿತು, ಸಿಟ್ಟೂ ಬಂತು. ಇನ್ನೊಂದು ಮಾತು ಎದುರಿಗೆ ಕೇಳಲಾರದೆ ಬಸ್ ಹತ್ತಿದೆ. ಇಲ್ಲಿ ಬರೆದು ಕೇಳುತ್ತಿದ್ದೇನೆ: ನಿಮ್ಮಪ್ಪನ ಕಾಲದಲ್ಲಿ ಆ ಬನದೊಳಗೆ ಲಾಂಟಾನ ಇತ್ತಾ, ಮಾವ?